ಬಾಗಿಲು ಮುಚ್ಚಿ ಒಗೆದ ಸೀರೆ

ಅರವತ್ತರ ದಶಕದ ಮೊದಲ ವರ್ಷಗಳು. ಹಾಸನದಲ್ಲಿ ನಮ್ಮ ಯಜಮಾನರಿಗೆ ಗುಮಾಸ್ತೆ ಕೆಲಸ, ವಠಾರದ ಕೊನೆಯಲ್ಲಿ ಬಾಡಿಗೆ ಮನೆ. ಮನೆ ಅನ್ನುವುದು ಮರ್ಯಾದೆಗೆ. ಇದ್ದದ್ದು ಒಂದು ಕೋಣೆ, ಮೂಲೆಯಲ್ಲಿ ಒಲೆ, ಒಬ್ಬರು ಕೂರುವಷ್ಟು ಬಚ್ಚಲು. ಒಗೆಯುವ ಕಲ್ಲು ಅಂಗಳದ ಬಾವಿಯ ಪಕ್ಕ, ಎಲ್ಲ ಮನೆಗಳಿಗೂ ಅದೊಂದೇ. ಮಳೆ ಹಿಡಿದರೆ ಬಟ್ಟೆ ಒಣಗುವುದು ಕೋಣೆಯೊಳಗೆ, ನಮ್ಮ ತಲೆಯ ಮೇಲೆ. ಸೀರೆಯ ನೀರು ಸಾರಿನ ಪಾತ್ರೆಗೆ ತೊಟ್ಟಿಕ್ಕುತ್ತಿತ್ತು. ಊಟಕ್ಕೆ ಉಪ್ಪಿನಕಾಯಿ ಇಲ್ಲದಿದ್ದರೂ ಯಜಮಾನರ ಆಫೀಸಿನ ಅಂಗಿಗೆ ನೀಲಿ ಮಾತ್ರ ತಪ್ಪುವಂತಿರಲಿಲ್ಲ.

ನನಗೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಮೂರನೆಯದಕ್ಕೆ ಆಸ್ಪತ್ರೆಯ ಡಾಕ್ಟರಮ್ಮ, "ನೀರು ಸೇದಬೇಡ, ಬಟ್ಟೆ ಎತ್ತಿ ಒಗೆಯಬೇಡ, ಇದೂ ಹೋದರೆ ನನ್ನ ಕೇಳಬೇಡ" ಎಂದು ಗದರಿ ಕಳಿಸಿದರು. ಬಟ್ಟೆಯನ್ನು ಹೊರಗೆ ಕೊಡುವಷ್ಟು ಸಂಬಳವಿರಲಿಲ್ಲ. ಹಾಗಾಗಿ ನಮ್ಮ ಯಜಮಾನರೇ ಒಗೆಯತೊಡಗಿದರು. ಅದೂ ಬೆಳಕು ಹರಿಯುವ ಮೊದಲು, ಬಚ್ಚಲಿನ ಬಾಗಿಲು ಮುಚ್ಚಿಕೊಂಡು! ಕುಕ್ಕಿದರೆ ಸದ್ದಾಗುತ್ತದೆಂದು ಸೋಪು ನೀರಿನಲ್ಲಿ ನೆನೆಸಿ ಕಾಲಲ್ಲಿ ತುಳಿಯುತ್ತಿದ್ದರು. ಊರಲ್ಲಿ ಗೋಡೆಗೆ ಮಣ್ಣು ತುಳಿದ ಕಾಲು ಅದು, ಕೊಳೆಯೇನೋ ಹೋಗುತ್ತಿತ್ತು. ಹಗ್ಗಕ್ಕೆ ಹರವುವುದು ಮಾತ್ರ ನಾನು, ನಾಲ್ಕು ಜನ ನೋಡಲಿ ಎಂದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಮ್ಮ ಸಂಸಾರ. ಪಕ್ಕದ ಮನೆಯಾಕೆ ಒಂದು ದಿನ ಕೇಳಿಯೇಬಿಟ್ಟಳು: "ನಿಮ್ಮನೇಲಿ ಬಟ್ಟೆ ಒಗಿಯೋದು ಕೇಳ್ಸಲ್ಲ, ಒಣಗೋದು ಮಾತ್ರ ಕಾಣ್ಸುತ್ತಲ್ಲಮ್ಮ!"

ಅಷ್ಟರಲ್ಲಿ ಶಾಂತಿಗ್ರಾಮದ ಕಡೆಯ ನಮ್ಮೂರಿನಿಂದ ಅತ್ತೆ ಬಂದಿಳಿದರು, ರಾಗಿಹಿಟ್ಟು ಬೆಣ್ಣೆ ಹೊತ್ತುಕೊಂಡು. ಹಿಂದಿನ ವರ್ಷ ಬಿದ್ದು ಅವರ ಬಲಗೈ ಮೇಲಕ್ಕೆ ಏಳುತ್ತಿರಲಿಲ್ಲ, ತಮ್ಮ ಸೀರೆಯೊಂದನ್ನು ಹೇಗೋ ಎಡಗೈಯಲ್ಲೇ ಹಿಂಡಿಕೊಳ್ಳುತ್ತಿದ್ದರು. "ಒಗಿಯೋ ವಿಷ್ಯ ಅವ್ವಂಗೆ ಹೇಳ್ಬ್ಯಾಡ" ಎಂದರು ಯಜಮಾನರು. ನಮ್ಮ ಕಡೆ ಗಂಡಸಿಗೆ 'ಹೆಂಡ್ತಿ ಸೀರೆ ಒಗಿಯೋನು' ಅಂದರೆ ಬೈಗುಳವೇ. ಅತ್ತೆ ಬಂದ ಮೇಲೆ ಬಚ್ಚಲಿನ ಕೆಲಸ ನಿಂತಿತು. ಬಟ್ಟೆ ಗುಡ್ಡೆಯಾಗುತ್ತಾ ಹೋಯಿತು.

ಭಾನುವಾರ ಅತ್ತೆ ಗುಡ್ಡೆಯ ಕಡೆ ನೋಡಿ, "ಬಟ್ಟೆ ಬಾಳ ಬಿದ್ದವಲ್ಲ" ಅಂದರು. ಯಜಮಾನರು ಪೇಪರನ್ನು ಇನ್ನಷ್ಟು ಮುಖಕ್ಕೆ ಹಿಡಿದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಮಾನ ದೊಡ್ಡದೋ ನನ್ನ ಹೊಟ್ಟೆ ದೊಡ್ಡದೋ ನೋಡೇಬಿಡೋಣ ಎಂದು ಬಟ್ಟೆ ಬಾಚಿಕೊಂಡು ಅಂಗಳಕ್ಕೆ ಹೋದೆ. ನೆನೆದ ಸೀರೆ ಕೈಗೆತ್ತಿಕೊಂಡಾಗ ಕೋಪವೆಲ್ಲ ಇಳಿದು ಭಯವೊಂದೇ ಉಳಿಯಿತು. ಆದರೂ ಎತ್ತಿದೆ.

ಹಿಂದಿನಿಂದ ಬಂದ ಅತ್ತೆ ನನ್ನ ಕೈ ಹಿಡಿದರು.

"ಇಡವ್ವ ಕೆಳಕ್ಕೆ. ಒಗಿಯೋನು ನಿನ್ ಗಂಡ ಅಂತ ನಾನು ಬಂದ ದಿನವೇ ಪಕ್ಕದ ಮನೆಯವಳು ಏಳಿದ್ಲು. ಅವನೇ ಬಾಯ್ಬುಡ್ಲಿ ಅಂತ ಸುಮ್ಕಿದ್ದೆ." ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದರು: "ಬಾರ್ಲಾ ಈಚೆಗೆ!"

ಯಜಮಾನರು ಬಂದು, "ಅವ್ವಾ, ಅದು..." ಎಂದು ತಡವರಿಸಿದರು.

"ಬಾಯ್ಮುಚ್ಚು. ನಿನ್ಗಿಂತ ಮುಂಚೆ ನನ್ ಒಟ್ಟೇಲಿ ಒಂದು ಎಣ್ಮಗ ಇತ್ತು ಕಣ್ಲಾ. ಎಂಟು ತಿಂಗ್ಳು ತುಂಬಿತ್ತು. ಕೆರೇಲಿ ನಿಮ್ಮಪ್ಪನ ಕಂಬ್ಳಿ ಒಗೀತಿದ್ದಂಗೇ ನೋವು ಬಂತು. ಕಂಬ್ಳಿ ಒಗ್ದು ಮುಗ್ಸೇ ಮನೆಗ್ಬಂದೆ, ಅರ್ಧಕ್ಕೆ ಬುಟ್ಟು ಬಂದ್ರೆ ಅತ್ತೆ ಏನಂತಾಳೋ ಅಂತ. ಕೂಸು ಸತ್ತೇ ಉಟ್ತು."

ತಾನೇ ಚೊಚ್ಚಲ ಎಂದುಕೊಂಡು ಬೆಳೆದ ಮನುಷ್ಯ ಅವರು. ಅವ್ವನ ಮುಖ ನೋಡಿ, ಪಂಚೆ ಎತ್ತಿ ಕಟ್ಟಿ, ನನ್ನ ಕೈಯಿಂದ ಸೀರೆ ತೆಗೆದುಕೊಂಡು, ವಠಾರಕ್ಕೆ ವಠಾರವೇ ನೋಡುತ್ತಿರುವಾಗ ಕಲ್ಲಿನ ಮೇಲೆ ಕುಕ್ಕಿದರು. ತುಳಿದು ಅಭ್ಯಾಸವೇ ಹೊರತು ಕುಕ್ಕಲು ಬರುತ್ತಿರಲಿಲ್ಲ, ನೀರೆಲ್ಲ ಅವರ ಮುಖಕ್ಕೇ ಹಾರಿತು. ಪಕ್ಕದ ಮನೆಯಾಕೆ ನಕ್ಕಳು, ನನಗೂ ನಗು ತಡೆಯಲಿಲ್ಲ. ಅಂದಿನಿಂದ ಅವರು ಅಂಗಳದಲ್ಲೇ ಒಗೆದರು. ದಿನ ತುಂಬಿ ನನ್ನ ಮಗಳು ಹುಟ್ಟುವವರೆಗೂ ಅತ್ತೆ ಊರಿಗೆ ಹೋಗಲಿಲ್ಲ.

ಆ ಭಾನುವಾರ ಅತ್ತೆ ಬಾವಿಕಟ್ಟೆಯ ಮೇಲೆ ಕೂತು ಮಗ ಒಗೆಯುವುದನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಸೀರೆ ಹಗ್ಗಕ್ಕೆ ಹೋದ ಮೇಲೆ ಎದ್ದು ಒಳಗೆ ಹೋಗಿ, ತಮ್ಮ ಸೀರೆ ತಂದು ಕಲ್ಲಿನ ಮೇಲಿಟ್ಟರು.

"ಇದ್ನೂ ಒಗಿ ಮಗ. ಮದ್ವೆಯಾಗಿ ಬಂದಾಗಿಂದ ನನ್ ಸೀರೆಯ ಇನ್ನೊಬ್ರು ಒಗ್ದಿದ್ದ ನಾನು ಕಂಡಿಲ್ಲ."