ಕುರ್ಚಿಯ ಹಾಜರಿ

ವಾರ್ನಿಶ್ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ಸವಣೂರಿನ ನಮ್ಮ ಹಳೆಯ ಶಾಲೆಯ ಮೆಟ್ಟಿಲು ಹತ್ತುವಾಗಲೂ ಅದೇ ವಾಸನೆ ಬಂತು. ಅರಮನೆಯ ಮಕ್ಕಳಿಗೆಂದೇ ಕಟ್ಟಿಸಿದ ಖಾಸಗಿ ಶಾಲೆ ಅದು. ಸಂಸ್ಥಾನ ಮುಗಿದ ಮೇಲೆ ನಮ್ಮಂಥ ವೀಳ್ಯದೆಲೆ ತೋಟದವರ ಮಕ್ಕಳಿಗೂ ಬಾಗಿಲು ತೆರೆದಿತ್ತು. ನಾವು ಸೇರುವ ಹೊತ್ತಿಗೆ ಅಲ್ಲಿ ಅರಮನೆಯ ಮಕ್ಕಳು ಯಾರೂ ಉಳಿದಿರಲಿಲ್ಲ. ರಾಜಕುಮಾರ ಕೂರುತ್ತಿದ್ದ ಕೆಂಪು ಮಖಮಲ್ಲಿನ ಕುರ್ಚಿ ಮಾತ್ರ ಉಳಿದಿತ್ತು. ವರ್ಷಕ್ಕೊಮ್ಮೆ ಅದಕ್ಕೆ ವಾರ್ನಿಶ್ ಬಳಿಯುತ್ತಿದ್ದರು. ದಿನದ ಹಾಜರಿ ಶುರುವಾಗುತ್ತಿದ್ದುದೂ ಅದರಿಂದಲೇ. ಮಾಸ್ತರರು ‘ಸಾಹೇಬಜಾದೆ’ ಎಂದು ಇಲ್ಲದ ರಾಜಕುಮಾರನನ್ನು ಕರೆಯಬೇಕು, ನಾವೆಲ್ಲ ಎದ್ದು ನಿಲ್ಲಬೇಕು, ಮಾನಿಟರ್ ಆ ಖಾಲಿ ಕುರ್ಚಿಯ ಪರವಾಗಿ ‘ಹಾಜರ್’ ಅನ್ನಬೇಕು. ಏಳನೆಯ ಇಯತ್ತೆಯಲ್ಲಿ ಆ ಮಾನಿಟರ್ ನಾನು. ಆಗ ನನಗಿದ್ದ ಜಂಬ ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕ ಕಸ್ತೂರಿ ನನಗಿಂತ ಎರಡು ವರ್ಷ ದೊಡ್ಡವಳು, ತಡವಾಗಿ ಶಾಲೆಗೆ ಸೇರಿದ್ದರಿಂದ ನನ್ನ ವರ್ಗದಲ್ಲೇ ಇದ್ದಳು. ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ವೀಳ್ಯದೆಲೆ ಹಾಕಬೇಕಿತ್ತು. ಅಷ್ಟರೊಳಗೆ ಅವ್ವನ ಜೊತೆ ಎಲೆ ಕೊಯ್ದು, ತೊಳೆದು, ಬಾಳೆಲೆಯಲ್ಲಿ ಸುತ್ತಿ ಕಟ್ಟಬೇಕು. ಅದರಲ್ಲಿ ಅರ್ಧ ನನ್ನ ಪಾಲಿನ ಕೆಲಸ. ‘ನೀ ನಡಿ, ನಿನಗ ಕುರ್ಚಿ ಒರಸೂದೈತಿ. ಇದನ್ನ ನಾ ಮುಗಸ್ತೇನಿ’ ಎಂದು ಅಕ್ಕ ನನ್ನನ್ನು ಅಟ್ಟುತ್ತಿದ್ದಳು. ನಾನು ಓಡುತ್ತಿದ್ದೆ. ಎರಡೂ ಪಾಲು ಮುಗಿಸಿ, ಎಲೆಯ ಹಸಿ ಘಾಟು ಮೆತ್ತಿದ ಕೈಗಳಲ್ಲೇ ಅವಳು ಬರುವಷ್ಟರಲ್ಲಿ ಹಾಜರಿಯಲ್ಲಿ ಅವಳ ಹೆಸರು ದಾಟಿಹೋಗಿರುತ್ತಿತ್ತು. ಒಂದು ದಿನ ಅವಳ ಚಪ್ಪಲಿಯ ಸಪ್ಪಳ ಪಡಸಾಲೆಯಲ್ಲಿ ಕೇಳುತ್ತಿರುವಾಗಲೇ ಮಾಸ್ತರರು ಅವಳ ಹೆಸರು ಕರೆದರು. ‘ಬಂದಾಳ್ರಿ ಸರ’ ಅಂದಿದ್ದರೆ ಸಾಕಿತ್ತು. ನಾನು ಅನ್ನಲಿಲ್ಲ. ಒಬ್ಬರ ಹಾಜರಿ ಇನ್ನೊಬ್ಬರು ಹೇಳಿದರೆ ಛಡಿಯೇಟು. ಆ ನಿಯಮ ಕುರ್ಚಿಗೆ ಮಾತ್ರ ಇರಲಿಲ್ಲ. ಬಾಗಿಲಲ್ಲಿ ನಿಂತ ಅಕ್ಕ ಮೆಲ್ಲಗೆ ಕೇಳಿದಳು: ‘ಖಾಲಿ ಕುರ್ಚಿ ಹಾಜರ್ ಅಂತೀರಿ, ಬಂದು ನಿಂತಾಕಿನ್ನ ಗೈರ್ ಅಂತೀರೇನ್ರಿ ಸರ?’ ಆ ತಿಂಗಳ ಕೊನೆಗೆ, ಗೈರುಹಾಜರಿ ಹೆಚ್ಚಾಯಿತೆಂದು ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಶಾಲೆಯಿಂದ ತೆಗೆದರು. ಅಪ್ಪ ಹೋಗಿ ಕೈಮುಗಿದರೂ ಕೇಳಲಿಲ್ಲ. ವರ್ಷದ ಕೊನೆಗೆ ಪೂರ್ತಿ ಹಾಜರಿಯ ಬಹುಮಾನ ಕುರ್ಚಿಗೇ ಹೋಯಿತು. ಅದರ ಪರವಾಗಿ ಕೈಯೊಡ್ಡಿದವಳೂ ನಾನೇ.

ಅಕ್ಕ ಮತ್ತೆ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ತಿಳವಳ್ಳಿಗೆ ಮದುವೆಯಾಗಿ ಹೋದಳು. ಅಲ್ಲಿ ಯಾರಾದರೂ ಎಲ್ಲಿ ಕಲಿತೆ ಎಂದು ಕೇಳಿದರೆ ‘ನಮ್ದು ಅರಮನಿ ಸಾಲಿರಿ’ ಅನ್ನುತ್ತಿದ್ದಳಂತೆ. ನನ್ನನ್ನು ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ಜಗಳ ತೆಗೆದು ಹಗುರಾಗುತ್ತಿದ್ದೆ. ಅಪ್ಪ, ಅವ್ವ, ಆ ತೋಟ ಯಾವುದೂ ಈಗಿಲ್ಲ. ಹೋದ ವರ್ಷ ಅಕ್ಕನೂ ತೀರಿಕೊಂಡಳು.

ಮೊನ್ನೆ ನನ್ನನ್ನು ಕರೆಸಿದ್ದು ಶಾಲೆಯ ಇತಿಹಾಸ ಹೇಳುವ ಸಮಾರಂಭಕ್ಕೆ. ಗಾಜಿನ ಪೆಟ್ಟಿಗೆಯಲ್ಲಿ ಕುರ್ಚಿ ಹೊಳೆಯುತ್ತಿತ್ತು. ‘ಇಷ್ಟು ವರ್ಷದಾಗ ಈ ಕುರ್ಚಿ ಒಂದಿನಾನೂ ಗೈರಾಗಿಲ್ರಿ’ ಎಂದರು ಈಗಿನ ಹೆಡ್ ಮಾಸ್ತರರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಹಳೆಯ ಮಾನಿಟರ್ ಎಂದು ನನ್ನನ್ನೇ ವೇದಿಕೆಗೆ ಕರೆದು, ನಮ್ಮ ವರ್ಗದ ಹಳೆಯ ಹಾಜರಿ ಪುಸ್ತಕ ತೆರೆದು, ಗತ್ತಿನಿಂದ ಕೂಗಿದರು: ‘ಸಾಹೇಬಜಾದೆ.’

‘ಗೈರಹಾಜರ್ರಿ’ ಅಂದೆ. ‘ನಮ್ಮ ಕಾಲಕ್ಕ ಅವರು ಒಂದಿನಾನೂ ಬಂದಿಲ್ರಿ ಸರ. ನಾ ಸುಳ್ಳು ಹೇಳತಿದ್ದೆ. ಆ ಕೆಂಪು ಗೆರಿ ಎಳದ ಹೆಸರು ಕರೀರಿ.’

ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಕರೆಯಲಿಲ್ಲ. ನಾನೇ ಕರೆದೆ, ಕಸ್ತೂರಿ ಎಂದು. ಹಾಜರ್ ಎಂದವಳೂ ನಾನೇ. ಅಂದು ಅನ್ನಬೇಕಿತ್ತು.