ಕೋನಾರ್ಕಕ್ಕೆ ಕೂಡಿಟ್ಟ ಪಾಯಿಂಟು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದಾಗ ಮೊಬೈಲಿಗೊಂದು ಸಂದೇಶ ಬಂತು. ನಿಮ್ಮ ಕ್ರೆಡಿಟ್ ಕಾರ್ಡಿನ ಪಾಯಿಂಟುಗಳು ಈ ತಿಂಗಳ ಕೊನೆಗೆ ರದ್ದಾಗುತ್ತವೆ, ಬೇಗ ಬಳಸಿಕೊಳ್ಳಿ ಅಂತ. ಇಂಥವನ್ನು ನೀವೂ ಓದದೆ ಅಳಿಸಿರುತ್ತೀರಿ. ನಾನು ಮಾತ್ರ ಲೋಟ ಕೆಳಗಿಟ್ಟು ಮತ್ತೊಮ್ಮೆ ಓದಿದೆ. ಆ ಪಾಯಿಂಟುಗಳು ಭಾವನಿಗೆಂದು ಕೂಡಿಟ್ಟವು.

ಭಾವ ಅಂದರೆ ನನ್ನ ಅಕ್ಕನ ಗಂಡ, ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದವರು. ಕಲ್ಲಿನ ಆನೆಗಳ ಸಾಲು ತೋರಿಸಿ, ಒಂದರಂತೆ ಇನ್ನೊಂದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುವರು. ಹತ್ತನೆಯ ಸಲವೂ ತಾವೇ ಬೆರಗಾಗುವರು. ಬಂದವರಲ್ಲಿ ಯಾರಾದರೊಬ್ಬರು, ನೀವು ಕೋನಾರ್ಕ ನೋಡಿದ್ದೀರಾ ಎಂದು ಕೇಳಿಯೇ ಕೇಳುತ್ತಿದ್ದರು. ಇವರು ಇನ್ನೂ ಇಲ್ಲ ಅನ್ನುತ್ತಿದ್ದರು. ಒಂದು ಸಂಜೆ ಕೆರೆ ಏರಿಯ ಮೇಲೆ ಕೂತಿದ್ದಾಗ ನನಗೆ ಹೇಳಿದರು: "ಅಲ್ಲಿಗೋಗಿ ಇನ್ನೊಬ್ಬ ಗೈಡ್ ಹಿಂದೆ ನಿಂತ್ಕೋಬೇಕು ಕಣೋ. ಅವ್ನು ಹೇಳ್ಬೇಕು, ನಾನು ಸುಮ್ನೆ ಕೇಳ್ಬೇಕು. ಇಷ್ಟು ವರ್ಷ ನಾನೇ ಹೇಳಿದ್ದಾಯ್ತು."

ವಿಮಾನದಲ್ಲೇ ಕರೆದುಕೊಂಡು ಹೋಗುತ್ತೇನೆ ಅಂದುಬಿಟ್ಟೆ. ಅರಸೀಕೆರೆಯ ಗುಮಾಸ್ತನಾದ ನನಗೆ ಅಷ್ಟು ಧೈರ್ಯ ಬಂದದ್ದು ಹೊಸ ಕಾರ್ಡಿನಿಂದ. ತೆಗೆದುಕೊಂಡ ಕೂಡಲೇ ಬೋನಸ್ ಪಾಯಿಂಟು, ಉಜ್ಜಿದಷ್ಟೂ ಇನ್ನಷ್ಟು, ಸಾಕಷ್ಟು ಸೇರಿದರೆ ವಿಮಾನದ ಟಿಕೆಟ್ಟು. ಅಂದಿನಿಂದ ಯಾರು ಏನು ಕೊಂಡರೂ ಅಂಗಡಿಗೆ ನಾನೂ ಜೊತೆ. ಗಂಡಸಿ ಊರಿನ ಗೆಳೆಯನ ಪಂಪ್‌ಸೆಟ್ಟು, ಪಕ್ಕದ ಮನೆಯ ಮಿಕ್ಸಿ, ಯಾರದೋ ಮದುವೆಯ ಬೀರು. ದುಡ್ಡು ನನ್ನ ಕೈಗೆ ಕೊಡಿ, ಕಾರ್ಡ್ ನಾನು ಉಜ್ಜುತ್ತೇನೆ. "ನಮ್ಮನೆಯವ್ರು ಒಂದು ಲೋಟ ಉಜ್ಜಲ್ಲ ಕಣ್ರೀ, ಕಾರ್ಡ್ ಮಾತ್ರ ಚೆನ್ನಾಗಿ ಉಜ್ತಾರೆ" ಅಂತ ಹೆಂಡತಿ ಬೀದಿಯವರ ಮುಂದೆ ನನ್ನ ಮಾನ ತೆಗೆದಳು.

ಅಕ್ಕ ಆಕಾಶದ ಸಹವಾಸ ತನಗೆ ಬೇಡ ಅಂದಿದ್ದಳು. ಭಾವನಿಗೂ ನನಗೂ ಆಗುವಷ್ಟು ಪಾಯಿಂಟು ಬೇಗನೇ ಸೇರಿತ್ತು, ಹೊರಡಬಹುದಿತ್ತು. ಆದರೆ ಪಾಯಿಂಟಿನ ರುಚಿ ಹತ್ತಿದವನ ಬುದ್ಧಿಯೇ ಬೇರೆ. ದೀಪಾವಳಿಗೆ ಒಂದಕ್ಕೆರಡು ಕೊಡುತ್ತಾರೆ, ತಡಿ. ವಿಮಾನ ಕಂಪನಿಗೆ ವರ್ಗಾಯಿಸಿದರೆ ಇನ್ನಷ್ಟು ಸೇರಿಸುವ ಕೊಡುಗೆ ಬರುತ್ತದೆ, ತಡಿ. ಹೋಟೆಲೂ ಪುಕ್ಕಟೆಯಾಗಲಿ, ತಡಿ. ಭಾವ ಒಂದು ಸಲವೂ ಅವಸರ ಮಾಡಲಿಲ್ಲ. ಅವರ ಮನೆಗೆ ಹೋದಾಗಲೆಲ್ಲ, ಬಾ, ಇವತ್ತಾದರೂ ಗುಡಿ ಪೂರ್ತಿ ತೋರಿಸುತ್ತೇನೆ ಅನ್ನುವರು. ಅದಕ್ಕೂ ನಾನು ಮುಂದಿನ ಸಲ ಅನ್ನುತ್ತಿದ್ದೆ. ಪಕ್ಕದ ಊರಿನ ಗುಡಿ, ಎಲ್ಲಿಗೆ ಓಡಿಹೋಗುತ್ತದೆ?

ಗುಡಿ ಓಡಿಹೋಗಲಿಲ್ಲ. ಭಾವನ ಕಿವಿ ಹೋಯಿತು. ಮೊದಲು ಒಂದು, ಆಮೇಲೆ ಇನ್ನೊಂದು. ಯಂತ್ರ ಹಾಕಿಸಿದರೂ ಬರೀ ಗೊರಗೊರ ಸದ್ದು, ಮಾತು ತಿಳಿಯದು ಎಂದು ತೆಗೆದಿಟ್ಟರು. ಪ್ರವಾಸಿಗರ ಪ್ರಶ್ನೆ ಕೇಳಿಸದೆ ಕೆಲಸವನ್ನೂ ಬಿಟ್ಟರು. ಕೆರೆ ಏರಿಯ ಮೇಲೆ ಅವರೊಡನೆ ಹರಟೆ ಹೊಡೆದ ಅಂಥದೊಂದು ಸಂಜೆ ಮತ್ತೆ ಸಿಗಲಿ ಎಂದು ಜೀವ ಹಂಬಲಿಸುತ್ತದೆ. ಯಾವ ಪಾಯಿಂಟಿಗೂ ಅದು ಸಿಗುವುದಿಲ್ಲ.

ಇವತ್ತು ಸಂದೇಶ ಓದಿದವನೇ ಹಳೇಬೀಡಿನ ಬಸ್ಸು ಹತ್ತಿದೆ. ಭಾವ ಜಗಲಿಯಲ್ಲಿ ಕೂತಿದ್ದರು. ಚೀಟಿಯಲ್ಲಿ ಬರೆದು ತೋರಿಸಿದೆ: ಕೋನಾರ್ಕಕ್ಕೆ ಹೋಗೋಣ, ತಡ ಮಾಡಿದ್ದು ನನ್ನ ತಪ್ಪು. ಅವರು ಓದಿ, ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ, "ಗೈಡ್ ಮುಖ ನೋಡಿದ್ರೆ ಸಾಕು ಬಿಡೋ. ಎಲ್ಲೆಲ್ಲಿ ಸುಳ್ಳು ಸೇರಿಸ್ತಾನೆ ಅಂತ ನಂಗೊತ್ತಾಯ್ತದೆ" ಅಂದರು.

ಅಲ್ಲೇ ಕೂತು ಇಬ್ಬರ ಹೆಸರೂ ತುಂಬಿ ಟಿಕೆಟ್ ಮಾಡಿದೆ. ಯಾವ ಕೊಡುಗೆಯೂ ಇಲ್ಲದ ದಿನ, ಪಾಯಿಂಟೆಲ್ಲ ಖಾಲಿಯಾಯಿತು. ಆಮೇಲೆ ಇನ್ನೊಂದು ಚೀಟಿ ಬರೆದೆ: ಈಗ ಗುಡಿ ತೋರಿಸಿ. ಭಾವ ಒಳಗೆ ಹೋಗಿ ಅಂಗಿ ಬದಲಿಸಿ, ತಲೆ ಬಾಚಿಕೊಂಡು ಬಂದರು. ಮೊದಲ ಆನೆಯ ಮುಂದೆ ನಿಂತು, ಪರವೂರಿನವರಿಗೆ ಹೇಳುವಂತೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಎಷ್ಟೋ ಕಡೆ ಏನೋ ಕೇಳಬೇಕೆನಿಸಿತು. ಕೇಳಿದರೂ ಅವರಿಗೆ ಕೇಳಿಸದು. ಅವರು ಹೇಳಿದರು, ನಾನು ಸುಮ್ಮನೆ ಕೇಳಿದೆ.