ಹಸಿ ಗಾರೆಯ ಮೇಲಿನ ಹೆಜ್ಜೆ

ಕೆಂಪು ಗಾರೆ ನೆಲ ಕಂಡರೆ ಈಗಲೂ ಆ ಮೇಸ್ತ್ರಿಯ ಗದರಿಕೆ ಕೇಳಿಸುತ್ತದೆ: "ಕಾಲಿಡಬ್ಯಾಡಿ, ಹಸಿ ಐತೆ!"

ಮಧುಗಿರಿಯ ಮನೆ ಮಾರುವ ಮುಂಚೆ, ಒಳ್ಳೆಯ ಬೆಲೆ ಬರಲೆಂದು ಅಪ್ಪ ತಲೆಬಾಗಿಲ ಒಳಗಡೆ ಹೊಸ ಗಾರೆ ಹಾಕಿಸಿದರು. ಸಂಜೆ ಮೇಸ್ತ್ರಿ, ಕಿವಿಯ ಮೇಲೊಂದು ಬೀಡಿ ಸಿಕ್ಕಿಸಿಕೊಂಡು, ಕರಣೆ ತೊಳೆಯುತ್ತಿದ್ದ. ಹೊಸ್ತಿಲಿಗೆ ದೀಪ ಇಡಲು ಹೊರಟ ಅಮ್ಮ ಅಭ್ಯಾಸಬಲದಿಂದ ಗಾರೆ ತುಳಿದೇಬಿಟ್ಟಳು.

"ಅಯ್ಯೋ, ಹೊರಗೋಗೋ ಹೆಜ್ಜೆ ಕಣಮ್ಮ! ಲಕ್ಷ್ಮಿ ಎದ್ದೋದ ಮನೆ ಅಂತ ಯಾರೂ ತಗಳಾಕಿಲ್ಲ," ಎಂದು ಓಡಿಬಂದು ಗುರುತು ಅಳಿಸಿದ. ಆಮೇಲೆ ಸ್ವಲ್ಪ ಯೋಚಿಸಿ, ಯಾರನ್ನೂ ಕಾಲಿಡಗೊಡದವನು ತಾನೇ ಹೇಳಿದ: "ಈಗ ಒಳಕ್ ಬರೋ ಹಂಗೆ ಬಲಗಾಲ್ ಇಡಮ್ಮ."

ಮನೆ ನೋಡಲು ಬಂದ ಹೆಂಗಸು ಆ ಹೆಜ್ಜೆಗೆ ಕೈಮುಗಿದು, ಮನೆಯನ್ನು ಒಪ್ಪಿಕೊಂಡಳು.

ನಾವು ಊರು ಬಿಟ್ಟೆವು. ಅಮ್ಮನೂ ಈಗಿಲ್ಲ. ಅವಳ ಹೆಜ್ಜೆ ಮಾತ್ರ ಅಲ್ಲಿ ಇನ್ನೂ ಒಳಗೆ ಬರುತ್ತಲೇ ಇದೆ.